ಯಾರ ಬಾಯಿಯೂ ಸಪ್ಪೆಯಾಗಲಿಲ್ಲ

ನಮ್ಮ ಊರಿನಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆದರೆ ತೆಗೆದವರ ಬಾಯಿ ಸಪ್ಪೆಯಾಗುತ್ತದೆ. ಸಿಹಿ ಗೊತ್ತಾಗುತ್ತದೆ, ಹುಳಿ ಗೊತ್ತಾಗುತ್ತದೆ, ಖಾರಕ್ಕೆ ಕಣ್ಣಲ್ಲಿ ನೀರೂ ಬರುತ್ತದೆ. ಉಪ್ಪು ಮಾತ್ರ ಹತ್ತುವುದಿಲ್ಲ. ಕೆಲಸ ಕಳೆದುಕೊಂಡವನಿಗೆ ಬೇರೆ ಕಡೆ ಕೆಲಸ ಸಿಕ್ಕ ಗಳಿಗೆಗೆ ಉಪ್ಪು ವಾಪಸು ಬರುತ್ತದೆ. ಇಷ್ಟೇ. ಇದರ ಹಿಂದೆ ದೇವರಿಲ್ಲ, ಶಾಪವಿಲ್ಲ, ಗುಡಿಯಲ್ಲಿ ಹೇಳುವ ಕಥೆಯೂ ಇಲ್ಲ. ಹೊರಗಿನಿಂದ ಬಂದವರು ಇದನ್ನು ಕೇಳಿ ಎಷ್ಟು ಚಂದ ಅನ್ನುತ್ತಾರೆ. ಚಂದವೇನೂ ಇಲ್ಲ. ಅವರು ಒಂದು ವಾರ ಉಪ್ಪಿಲ್ಲದ ಸಾರು ಉಂಡು ಆಮೇಲೆ ಮಾತಾಡಲಿ. ನಾನು ಹಾಸ್ಟೆಲಿನ ಲೈಬ್ರರಿಯಲ್ಲಿ ಕೂತು ಕಾರ್ಮಿಕ ಕಾನೂನಿನ ಪುಸ್ತಕ ಓದಿದವಳು. ಅರ್ಧ ಪುಟಗಳನ್ನು ಯಾರೋ ಹರಿದುಕೊಂಡು ಹೋಗಿದ್ದರು. ಪವಾಡಗಳ ಮೇಲೆ ನನಗೆ ಪ್ರೀತಿಯಿಲ್ಲ. ಆದರೆ ಆ ಪುಸ್ತಕದ ಯಾವ ಕಲಮೂ ಮಾಡದ ಕೆಲಸವನ್ನು ಈ ಉಪ್ಪು ಮಾಡುತ್ತಿತ್ತು ಎಂಬುದನ್ನು ಒಪ್ಪದೆ ವಿಧಿಯಿಲ್ಲ.

ನಮ್ಮೂರಿನ ದೊಡ್ಡ ಕಾರ್ಖಾನೆಯಲ್ಲಿ ಕುಕ್ಕರ್ ತಯಾರಾಗುತ್ತದೆ. ದಿನವಿಡೀ ಎಲ್ಲೋ ಒಂದು ಕಡೆ ಸೀಟಿ ಪರೀಕ್ಷೆ ನಡೆಯುತ್ತಲೇ ಇರುತ್ತದೆ. ಊರಿನ ಮಕ್ಕಳು ಆ ಸದ್ದಿಗೆ ಏಳುವುದೂ ಇಲ್ಲ, ಅಳುವುದೂ ಇಲ್ಲ. ಅಲ್ಲಿ ಸಿಬ್ಬಂದಿ ವಿಭಾಗದಲ್ಲಿ ನಾನು ಸಹಾಯಕಿ. ನಾನು ಸೇರಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರು ಇನಾಂದಾರ ಸಾಹೇಬರು. ಅವರು ಒಳ್ಳೆಯವರೇನಲ್ಲ. ಸಿಡುಕರು, ರಜೆ ಕೇಳಿದರೆ ಯಾರು ಸತ್ತರು ಎಂದು ಕೇಳುವವರು. ಒಮ್ಮೆ ಉಗ್ರಾಣದ ಬಾಳಪ್ಪ ಹಿತ್ತಾಳೆ ಕದ್ದು ಸಿಕ್ಕಿಬಿದ್ದ. ಇನಾಂದಾರರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು, "ಬಾಳಪ್ಪ, ನಿನ್ನ ಕೆಲಸದಿಂದ ತಗದೇನಿ. ಹೋಗು" ಎಂದರು. ಅಂದು ಮಧ್ಯಾಹ್ನವೇ ಅವರ ಬಾಯಿ ಸಪ್ಪೆಯಾಯಿತು. ತಪ್ಪು ಮಾಡಿದವನನ್ನು ತೆಗೆದರೂ ಉಪ್ಪು ಹೋಗುತ್ತದೆ. ಅದು ನ್ಯಾಯ ಅನ್ಯಾಯ ನೋಡುವುದಿಲ್ಲ, ಒಬ್ಬ ಮನುಷ್ಯನ ಕೆಲಸ ಹೋಯಿತು ಎಂಬುದನ್ನಷ್ಟೇ ನೋಡುತ್ತದೆ.

ಮರುದಿನದಿಂದ ಇನಾಂದಾರರು ಸ್ಕೂಟರ್ ಹತ್ತಿ ಊರು ತಿರುಗಿದರು. ಅಕ್ಕಿ ಗಿರಣಿಯ ಮಾಲೀಕನ ಮುಂದೆ ಅವರು ಕೈಮುಗಿದು ಹೇಳಿದ ಮಾತನ್ನು ಈಗಲೂ ಊರಿನಲ್ಲಿ ಹೇಳಿಕೊಂಡು ನಗುತ್ತಾರೆ. "ಕಳ್ಳ ಹೌದ್ರೀ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಿಮ್ಮ ಗಿರಣ್ಯಾಗ ಏನ್ ಕದ್ದಾನು? ತೌಡು ಕದ್ದಾನು. ಒಯ್ಯಲಿ ಬಿಡ್ರಿ, ಎಮ್ಮಿಗೆ ಹಾಕ್ತಾನ." ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಕಾಲದಲ್ಲಿ ಹೋದ ಉಪ್ಪು ಶ್ರಾವಣದ ಹೊತ್ತಿಗೆ ಬಂತು. ಆ ದಿನ ಅವರು ಕ್ಯಾಂಟೀನಿನಲ್ಲಿ ಮೆಣಸಿನಕಾಯಿ ಭಜಿ ಕಚ್ಚಿದವರು ಎದ್ದು ನಿಂತು, "ಬಂತು! ಬಂತು ನೋಡ್ರೋ! ಆ ಮಗನಿಗೆ ಕೆಲಸ ಸಿಕ್ತು!" ಎಂದು ಕೂಗಿದರು. ಇಡೀ ಕ್ಯಾಂಟೀನು ಚಪ್ಪಾಳೆ ಹೊಡೆಯಿತು. ಗಿರಣಿಯಿಂದ ಫೋನು ಬಂದದ್ದು ಆಮೇಲೆ.

ಹೀಗಾಗಿ ನಮ್ಮೂರಿನಲ್ಲಿ ಒಂದು ರೂಢಿ ಬೆಳೆದಿದೆ. ಕೆಲಸ ಹೋದವನು ಹೊಸ ಕೆಲಸ ಹುಡುಕುವುದಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮನೆಯ ಕಟ್ಟೆಯ ಮೇಲೆ ಕೂರುತ್ತಾನೆ. ಹುಡುಕುವುದು ತೆಗೆದವರ ಕೆಲಸ. ಅವರು ಬಂದು ಇಂಥ ಕಡೆ ಮಾತಾಡಿದ್ದೇನೆ ಎನ್ನುತ್ತಾರೆ, ಇವನು ಎದ್ದು ಹೋಗುತ್ತಾನೆ. ಕಟ್ಟೆಯ ಮೇಲೆ ಕೂತವನಿಗೆ ನಾಚಿಕೆಯಿಲ್ಲ. ನಾಚಿಕೆ ಏನಿದ್ದರೂ ಎದುರಿನವನ ನಾಲಿಗೆಗೆ.

ಇನಾಂದಾರರು ನಿವೃತ್ತರಾದ ಮೇಲೆ ಪ್ರಫುಲ್ ಹುದ್ದಾರ ಬಂದರು. ಹೊರಗಿನವರು, ನಗುಮೊಗದವರು, ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ ಮೊದಲ ಅಧಿಕಾರಿ. ಊಟದ ಹೊತ್ತಿಗೆ ತಾಯಿ ಕಳಿಸಿದ ಮಿಡಿ ಉಪ್ಪಿನಕಾಯಿಯ ಭರಣಿ ತೆರೆದು ಎಲ್ಲರ ತಟ್ಟೆಗೂ ಒಂದೊಂದು ಬಡಿಸುತ್ತಿದ್ದರು. ಅವರು ತಮ್ಮ ಜೊತೆಯಲ್ಲಿ ಒಂದು ಎಐ ತಂದರು. ಅದರ ಹೆಸರು 'ಆತ್ಮೀಯ'. ಆ ಹೆಸರನ್ನು ಯಾರು ಇಟ್ಟರೋ ನನಗೆ ಗೊತ್ತಿಲ್ಲ. ಇಟ್ಟವರು ಎದುರಿಗೆ ಸಿಕ್ಕರೆ ಕೇಳಬೇಕೆಂದಿರುವ ಮಾತುಗಳು ನನ್ನ ಬಳಿ ಬಹಳಷ್ಟಿವೆ.

"ದಾಕ್ಷಾಯಣಿ ಅವರೇ, ಇದು ನಮ್ಮ ಕೆಲಸ ಕಿತ್ತುಕೊಳ್ಳೋಕೆ ಬಂದಿಲ್ಲ. ನಮ್ಮ ಭಾರ ಇಳಿಸೋಕೆ ಬಂದಿದೆ" ಎಂದರು ಹುದ್ದಾರ.

ಭಾರ ಇಳಿಯಿತು ಎಂಬುದು ಸುಳ್ಳಲ್ಲ. ಕೆಲಸಕ್ಕೆ ಕರೆಯುವ ಜಾಹೀರಾತನ್ನು ಅದು ನಾನು ಚಹ ಕುಡಿದು ಮುಗಿಸುವುದರೊಳಗೆ ಬರೆದುಕೊಡುತ್ತಿತ್ತು. ಬಂದ ಅರ್ಜಿಗಳನ್ನು ಓದಿ ಸಾರಾಂಶ ಮಾಡುತ್ತಿತ್ತು. ರಜೆ, ಭವಿಷ್ಯನಿಧಿ, ಸಮವಸ್ತ್ರ ಎಂದು ಕಾರ್ಮಿಕರು ಕೇಳುವ ಪ್ರಶ್ನೆಗಳಿಗೆ ಅವರವರ ಫೋನಿನಲ್ಲೇ ಉತ್ತರಿಸುತ್ತಿತ್ತು, ಅದೂ ಬೇಸರವಿಲ್ಲದೆ. ಇನಾಂದಾರರಿಗಿಂತ ವಾಸಿ ಎಂದು ನಾನೂ ಅಂದುಕೊಂಡೆ. ಆಮೇಲೆ ಒಂದು ಸೋಮವಾರ ಅದು ಜನರನ್ನು ತೆಗೆಯಲು ಶುರು ಮಾಡಿತು.

ಹುದ್ದಾರರು ಅದಕ್ಕೆ ಯಾರ ಹೆಸರನ್ನೂ ಕೊಟ್ಟಿರಲಿಲ್ಲ. ಕಾರ್ಖಾನೆಯ ಆರೋಗ್ಯ ನೋಡಿಕೋ ಎಂದಷ್ಟೇ ಹೇಳಿದ್ದರಂತೆ. ಉಳಿದದ್ದೆಲ್ಲ ಅದೇ ಮಾಡಿತು. ಯಾರು ಬೇಡ ಎಂದು ಆರಿಸಿತು, ಪತ್ರ ಬರೆಯಿತು, ಊಟದ ಗಂಟೆಗೆ ಸರಿಯಾಗಿ ಅವರ ಫೋನಿಗೆ ಕಳಿಸಿತು, ಗೇಟಿನ ಕಾರ್ಡನ್ನು ನಿಲ್ಲಿಸಿತು. ಯಾರೂ ಗುಂಡಿ ಒತ್ತಲಿಲ್ಲ, ಯಾರೂ ಸಹಿ ಹಾಕಲಿಲ್ಲ. ಆ ಮಧ್ಯಾಹ್ನ ಹುದ್ದಾರರು ಮಿಡಿಯೊಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಒಂದು ಕ್ಷಣ ಕಾದರು. ಆಮೇಲೆ ಮುಖ ಅರಳಿತು. ಉಪ್ಪು ಇತ್ತು. ಇವರೇ ತರಿಸಿದ ಯಂತ್ರ ಮಾಡಿದ್ದು ಇವರ ನಾಲಿಗೆಗೆ ಯಾಕೆ ತಟ್ಟಲಿಲ್ಲ ಎಂದು ನನ್ನನ್ನು ಕೇಳಬೇಡಿ. ಕಾನೂನಿಗೂ ಇಂಥದ್ದು ತಿಳಿಯುವುದಿಲ್ಲ.

ಊರು ಮೊದಲು ನಂಬಲಿಲ್ಲ. ಯಾರಿಗೋ ಸಪ್ಪೆಯಾಗಿದೆ, ಮುಚ್ಚಿಡುತ್ತಿದ್ದಾರೆ ಎಂದುಕೊಂಡಿತು. ಕ್ಯಾಂಟೀನಿನ ಅಡುಗೆಯ ಈರಯ್ಯ ಒಂದು ಉಪಾಯ ಹೂಡಿದ. ಒಂದು ದಿನ ಸಾರಿಗೆ ಉಪ್ಪೇ ಹಾಕಲಿಲ್ಲ. ಸುಮ್ಮನೆ ಉಂಡು ಹೋದವನೇ ಅಪರಾಧಿ ಎಂದು ಅವನ ಲೆಕ್ಕ. ಬಾಗಿಲಿಗೆ ಒರಗಿ ನಿಂತು ಒಬ್ಬೊಬ್ಬರ ಮುಖ ನೋಡಿದ. ಮೊದಲ ತುತ್ತಿಗೇ ಎಲ್ಲರೂ ಬೈದರು. ಎಲ್ಲರಿಗಿಂತ ಜೋರಾಗಿ ಹುದ್ದಾರರು, "ಏನಪ್ಪಾ ಈರಯ್ಯ, ಉಪ್ಪು ಮರೆತಿದ್ದೀಯಲ್ಲ!" ಎಂದು ಕೂಗಿದರು. ಈರಯ್ಯ ಉಪ್ಪಿನ ಬಟ್ಟಲು ಹಿಡಿದು ಬಂದವನು ನನ್ನ ಕಿವಿಯಲ್ಲಿ, "ಬಾಯಾರ, ಈ ಕಾರ್ಖಾನ್ಯಾಗ ಯಾರೂ ಯಾರನ್ನೂ ತಗದಿಲ್ಲರಿ. ಮತ್ತ ಮಂದಿ ಎಲ್ಲಿ ಹೋಗಾಕತ್ತಾರ?" ಎಂದ.

ಎಲ್ಲಿ ಹೋಗುತ್ತಿದ್ದರು ಎಂಬುದನ್ನು ನಾನು ದಿನವೂ ನೋಡುತ್ತಿದ್ದೆ. ನಮ್ಮ ಓಣಿಯ ದ್ಯಾಮಣ್ಣ ಕುಕ್ಕರಿಗೆ ಪಾಲಿಶ್ ಹಿಡಿಯುವವನು. ಅವನಿಗೆ ಬಂದ ಪತ್ರದಲ್ಲಿ, "ನೀವು ಹೊಳಪು ಕೊಟ್ಟ ಪ್ರತಿ ಕುಕ್ಕರಿನಲ್ಲೂ ನಿಮ್ಮ ಮುಖ ಕಾಣುತ್ತಿರುತ್ತದೆ" ಎಂದಿತ್ತು. ಕೊನೆಯ ಸಾಲಿನಲ್ಲಿ, ಇಂದಿನಿಂದ ನಿಮ್ಮ ಸೇವೆಯ ಅಗತ್ಯವಿಲ್ಲ ಎಂದಿತ್ತು. ದ್ಯಾಮಣ್ಣನಿಗೆ ಮೊದಲ ಸಾಲು ಎಷ್ಟು ಹಿಡಿಸಿತೆಂದರೆ ಅದನ್ನು ಮಗಳಿಂದ ಮತ್ತೆ ಮತ್ತೆ ಓದಿಸಿದ. ಮರುದಿನ ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತ. ಅದರ ಮರುದಿನವೂ ಕೂತ. ನಾನು ಕೆಲಸಕ್ಕೆ ಹೋಗುವಾಗ ಕರೆದು ಕೇಳಿದ.

"ಬಾಯಾರ, ಯಾರಿಗೆ ಸಪ್ಪಿ ಆಗೇತ್ರಿ? ಇನ್ನೂ ಬರಲಿಲ್ಲಲ್ಲ ಯಾರೂ?"

"ಯಾರಿಗೂ ಆಗಿಲ್ಲ ದ್ಯಾಮಣ್ಣ."

ಅವನು ನಕ್ಕ. "ಚಾಷ್ಟಿ ಮಾಡಬ್ಯಾಡ್ರಿ. ಯಾರಿಗೂ ಇಲ್ಲಂದ್ರ ಹೆಂಗ? ನನ್ನ ಕೆಲಸ ಹೋಗೇತಲ್ಲ?"

ಅವನ ಹಾಗೆ ಊರಿನ ತುಂಬ ಕಟ್ಟೆಗಳ ಮೇಲೆ ಜನ ಕೂತಿದ್ದರು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ರಸ್ತೆಯ ಕಡೆ ಕಣ್ಣು. ಯಾವುದಾದರೂ ಸ್ಕೂಟರ್ ಸದ್ದು ಮಾಡಿದರೆ ಎಲ್ಲರೂ ಒಟ್ಟಿಗೆ ಕತ್ತೆತ್ತುತ್ತಿದ್ದರು. ಬರಬೇಕಾದವನು ಎಂದೂ ಹುಟ್ಟಿರಲೇ ಇಲ್ಲ. ಅಂಗಿಗಳ ಕಾಲರುಗಳು ಮಾಸತೊಡಗಿದವು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಬ್ಬ ಮನುಷ್ಯನನ್ನು ಹೊರಗೆ ಹಾಕುವುದೊಂದು. ಹೊರಗೆ ಹಾಕಿದ್ದು ಯಾರು ಎಂದು ಕೇಳಿದರೆ ತೋರಿಸಲು ಒಂದು ಮುಖವೂ ಇಲ್ಲದಂತೆ ಮಾಡುವುದು ಇನ್ನೊಂದು.

ಆಮೇಲೆ ಕಾಶಿಬಾಯಿಯ ಸರದಿ ಬಂತು.

ಕಾಶಿಬಾಯಿ ಪ್ಯಾಕಿಂಗ್ ಹೆಂಗಸು. ಕುಕ್ಕರನ್ನು ಡಬ್ಬಿಗೆ ಹಾಕಿ, ಮೇಲೆ ತನ್ನ ನಂಬರಿನ ಚೀಟಿ ಅಂಟಿಸಿ ಮುಂದೆ ತಳ್ಳುವುದು ಅವಳ ಕೆಲಸ. ಗಂಡನ ಸೊಂಟ ಮುರಿದು ಅವನು ಹಾಸಿಗೆ ಹಿಡಿದಿದ್ದಾನೆ. ಮನೆಗೆ ಬರುವ ಸಂಬಳ ಅವಳದೊಂದೇ. ಬಾಯಿ ಜೋರು. ಹುದ್ದಾರರನ್ನು ಅವರ ಬೆನ್ನ ಹಿಂದೆ ಉಪ್ಪಿನಕಾಯಿ ಸಾಹೇಬ ಎಂದು ಮೊದಲು ಕರೆದವಳು ಅವಳೇ. ಅವಳು ಫೋನನ್ನು ಬಿಸಿ ಪಾತ್ರೆಯಂತೆ ಸೆರಗಿನಲ್ಲಿ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತಳು.

"ಓದವಾ ಇದನ್ನ."

ಓದಿದೆ. "ಪ್ರೀತಿಯ ಕಾಶಿಬಾಯಿ, ನೀವು ಮುಚ್ಚಿದ ಪ್ರತಿ ಡಬ್ಬಿಯೂ ಒಂದು ಮನೆಯ ಸಂತೋಷವನ್ನು ತೆರೆದಿದೆ. ಆದರೆ ಇತ್ತೀಚೆಗೆ ನಿಮ್ಮ ವೇಗ ತಂಡದ ಕನಸುಗಳಿಗೆ ಹೊಂದುತ್ತಿಲ್ಲ" ಎಂದು ಶುರುವಾಗಿ, ನಿಮ್ಮ ಮುಂದಿನ ಹಾದಿ ಹೂವಿನದಾಗಲಿ ಎಂದು ಮುಗಿದಿತ್ತು.

"ಅಂದ್ರ ತಗದಾರೇನು?"

"ಹೂಂ ಕಾಶಕ್ಕ."

"ಯಾರು?"

ಅವಳು ಮೇಜಿನ ಮೇಲೆ ಎರಡೂ ಕೈ ಊರಿದಳು. "ನೀ ತಗದಿ ಏನು? ಮಧ್ಯಾಹ್ನ ಉಂಡ್ಯಲ್ಲ, ಉಪ್ಪು ಹತ್ತಿತು?"

"ಹತ್ತಿತು."

"ಉಪ್ಪಿನಕಾಯಿ ಸಾಹೇಬಗ?"

"ಎರಡು ಮಿಡಿ ತಿಂದ್ರು."

ಕಾಶಿಬಾಯಿ ಫೋನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾದ್ರ ನನ್ನ ಯಾರೂ ತಗದಿಲ್ಲ ಬಿಡು. ನಾಳಿಗೆ ಬರ್ತೇನಿ" ಎಂದು ಹೊರಟೇ ಹೋದಳು.

ಅವಳ ವೇಗ ಯಾಕೆ ಕಡಿಮೆಯಾಗಿತ್ತು ಎಂಬುದು ನನಗೆ ಗೊತ್ತಿತ್ತು. ಪ್ಯಾಕಿಂಗ್ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲವ್ವ ಎಂಬ ಹುಡುಗಿಗೆ ಎಳೆ ಕೂಸು. ಹಾಲು ಕುಡಿಸಲು ಅವಳು ಎದ್ದು ಹೋದಾಗೆಲ್ಲ ಕಾಶಿಬಾಯಿ ತಾನು ತುಂಬಿದ ಡಬ್ಬಿಗೆ ಎಲ್ಲವ್ವನ ಚೀಟಿ ಅಂಟಿಸುತ್ತಿದ್ದಳು. ಇದಕ್ಕೆ ಆ ಹೆಂಗಸರು ಕೈಗಡ ಎನ್ನುತ್ತಾರೆ. ಕಾಶಿಬಾಯಿಯ ಗಂಡ ಬಿದ್ದ ವರ್ಷ ಅವಳ ಚೀಟಿಯನ್ನು ಬೇರೆಯವರು ಅಂಟಿಸಿದ್ದರು. ಇನಾಂದಾರರು ಇದನ್ನು ಕಂಡೂ ಕಾಣದ ಹಾಗೆ ಹಾದುಹೋಗುತ್ತಿದ್ದರು.

ನಾನು ಹುದ್ದಾರರ ಬಳಿ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಗಮನವಿಟ್ಟು ಕೇಳುವುದನ್ನು ಎಲ್ಲೋ ಕಲಿತುಬಂದಿದ್ದರು. "ಛೆ, ಪಾಪ. ಇದನ್ನು ಆತ್ಮೀಯಕ್ಕೆ ತಿಳಿಸಿ. ಅದು ಮತ್ತೆ ಪರಿಶೀಲಿಸುತ್ತೆ" ಎಂದರು.

"ನೀವೇ ಪರಿಶೀಲಿಸಬಹುದಲ್ಲ ಸರ್?"

"ನಾನು ಕೈ ಹಾಕಿದರೆ ಅದು ನನ್ನ ನಿರ್ಧಾರ ಆಗುತ್ತೆ ದಾಕ್ಷಾಯಣಿ. ಅರ್ಥ ಮಾಡಿಕೊಳ್ಳಿ" ಎಂದು ಭರಣಿಯ ಕಡೆ ನೋಡಿದರು.

ನಾನು ಬಂದು ಆತ್ಮೀಯಕ್ಕೆ ಬರೆದೆ. ಎಲ್ಲವ್ವನ ಕೂಸು, ಚೀಟಿ, ಕೈಗಡ, ಎಲ್ಲವನ್ನೂ ಬಿಡಿಸಿ ಬರೆದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. "ನಿಮ್ಮ ಕಾಳಜಿ ನಿಜಕ್ಕೂ ಹೃದಯಸ್ಪರ್ಶಿ. ಇನ್ನೊಬ್ಬರ ಚೀಟಿ ಅಂಟಿಸುವುದು ನಿಯಮದ ಉಲ್ಲಂಘನೆಯಾದ್ದರಿಂದ ಇದನ್ನು ಕಾಶಿಬಾಯಿ ಅವರ ಪತ್ರಕ್ಕೆ ಎರಡನೆಯ ಕಾರಣವಾಗಿ ಸೇರಿಸಿದ್ದೇನೆ. ಎಲ್ಲವ್ವ ಅವರಿಗೂ ಒಂದು ಪತ್ರ ಸಿದ್ಧಪಡಿಸಲೇ? ತಾಯ್ತನದ ಬಗ್ಗೆ ಒಂದು ಸುಂದರ ಸಾಲು ಸೇರಿಸಬಹುದು."

ನಾನು ಬೇಡ ಎಂದು ಬರೆದೆ. ಬೇಡ ಎಂದು ಜೋರಾಗಿ ಕೂಗಿಯೂ ಇದ್ದೆ ಎಂದು ಗೊತ್ತಾದದ್ದು ಪಕ್ಕದ ಕೋಣೆಯವರು ಇಣುಕಿ ನೋಡಿದಾಗ. ಸುಂದರ ಸಾಲಂತೆ. ಇನಾಂದಾರರು ಬೈಯುತ್ತಿದ್ದರು, ಬೈದು ಮುಗಿದ ಮೇಲೆ ಅವರ ಮುಖ ಸಣ್ಣದಾಗುತ್ತಿತ್ತು. ಇದು ಹೊಗಳುತ್ತದೆ. ಹೊಗಳಿ ಕತ್ತು ಹಿಡಿದು ದೂಡುತ್ತದೆ. ದೂಡಿದ ಮೇಲೂ ಅದಕ್ಕೆ ಏನೂ ಆಗುವುದಿಲ್ಲ, ಯಾಕೆಂದರೆ ಅದಕ್ಕೆ ಉಣ್ಣಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ನಾನು ಬೇಕೆಂದೇ ಬೇಗ ಹೋಗಿ ಗೇಟಿನ ಬಳಿ ನಿಂತೆ. ಕಾಶಿಬಾಯಿ ಬುತ್ತಿ ಹಿಡಿದು ಬಂದು ಕಾರ್ಡು ಒತ್ತಿದಳು. ಯಂತ್ರ ಸದ್ದು ಮಾಡಲಿಲ್ಲ. ಕಾವಲುಗಾರ ಸೋಮಲಿಂಗನ ಎದುರಿಗೆ ಕೆಂಪು ದೀಪ ಹತ್ತಿತು.

"ಕಾಶಕ್ಕ, ನಿನ್ನ ಕಾರ್ಡು ನಡ್ಯಂಗಿಲ್ಲ."

"ಕಾರ್ಡು ನಡೀದಿದ್ರ ಬಿಡು, ನಾ ನಡೀತೇನಿ. ಗೇಟ್ ತಗಿ."

"ತಗದ್ರ ನನ್ನ ಬೈತಾರ."

"ತಗೀಲಿಲ್ಲಂದ್ರ ನೀನ ನನ್ನ ಕೆಲಸದಿಂದ ತಗದಂಗ ಆತು ನೋಡು. ಇಷ್ಟು ದಿನ ಯಾರೂ ಸಿಕ್ಕಿಲ್ಲ, ನೀನರ ಸಿಕ್ಕಿ. ಮುಂದ ನಾ ಕಟ್ಟಿ ಮ್ಯಾಲ ಕುಂದ್ರತೇನಿ, ನೀ ನನಗ ಕೆಲಸ ಹುಡುಕು. ಇವತ್ತ ನಿನ್ನ ಹೇಣ್ತಿ ಬುತ್ತಿಗೆ ಏನ್ ಕಟ್ಟ್ಯಾಳ?"

"ಜುಣಕ" ಎಂದ ಸೋಮಲಿಂಗ ಮೆಲ್ಲಗೆ.

"ಸಪ್ಪನ ಜುಣಕ ತಿಂತಿ?"

ಸೋಮಲಿಂಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಕಾಶ ನೋಡುತ್ತ ನಿಂತ. ಕಾಶಿಬಾಯಿ ಗೇಟನ್ನು ತಾನೇ ತಳ್ಳಿಕೊಂಡು ಒಳಗೆ ಹೋದಳು. ಪ್ಯಾಕಿಂಗ್ ಮೇಸ್ತ್ರಿ ಅವಳನ್ನು ನೋಡಿದ, ತನ್ನ ಬುತ್ತಿಯನ್ನು ನೆನೆಸಿಕೊಂಡ, ಬೇರೆ ಕಡೆ ತಿರುಗಿದ. ಆಗ ನನಗೆ ವಿಷಯ ನಿಚ್ಚಳವಾಗಿ ಕಂಡಿತು. ಆ ಯಂತ್ರ ಎಷ್ಟು ಬೇಕಾದರೂ ಬರೆಯಬಹುದು. ಒಬ್ಬ ಹೆಂಗಸನ್ನು ಅವಳ ಜಾಗದಿಂದ ಎಬ್ಬಿಸಬೇಕಾದರೆ ಕೊನೆಗೆ ಒಂದು ಮನುಷ್ಯನ ಕೈ ಬೇಕು. ಆ ಕೈಯನ್ನು ಇಲ್ಲಿಯತನಕ ಕೊಡುತ್ತಿದ್ದವರು ಕೆಲಸ ಕಳೆದುಕೊಂಡವರೇ. ಪತ್ರ ಓದಿ ತಾವಾಗಿ ಎದ್ದು ಹೋಗುತ್ತಿದ್ದರು.

ಹುದ್ದಾರರಿಗೆ ಸುದ್ದಿ ಮುಟ್ಟಿತು. ಅವರು ನನ್ನನ್ನು ಕರೆದು, "ನೀವು ಹೋಗಿ ಅವರಿಗೆ ತಿಳಿಸಿ ಹೇಳಿ. ಹೆಂಗಸರು ಹೆಂಗಸರು ಮಾತಾಡಿದರೆ ಸರಿಹೋಗುತ್ತೆ" ಎಂದರು.

"ಏನಂತ ಹೇಳಲಿ ಸರ್?"

"ಅದೇ... ಪರಿಸ್ಥಿತಿ."

"ಪರಿಸ್ಥಿತಿ ಅಂದರೆ ಹೋಗು ಅಂತಾನಾ? ಅದನ್ನು ನಾನು ಹೇಳಲ್ಲ ಸರ್. ನನಗೂ ಊಟ ಸೇರಬೇಕು."

ಅವರು ನಗಲು ನೋಡಿದರು, ಆಗಲಿಲ್ಲ. ಪಾಳಿಯ ಗಂಟೆ ಬಾರಿಸುವ ಧ್ವನಿವರ್ಧಕಕ್ಕೆ ಆತ್ಮೀಯವನ್ನು ಜೋಡಿಸಲು ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಪ್ಯಾಕಿಂಗ್ ವಿಭಾಗದ ತುಂಬ ಜೇನಿನಂಥ ದನಿ ಹರಿಯಿತು. "ಪ್ರೀತಿಯ ಕಾಶಿಬಾಯಿ, ವಿದಾಯದ ಈ ಗಳಿಗೆಯಲ್ಲಿ ನಮ್ಮೆಲ್ಲರ ಹೃದಯ ತುಂಬಿ ಬಂದಿದೆ..."

ಹೆಂಗಸರು ಡಬ್ಬಿ ಕೆಳಗಿಟ್ಟು ನಕ್ಕರು. ಎಲ್ಲವ್ವ, "ಏ ಕಾಶಕ್ಕ, ನಿನಗ ಯಾರೋ ಪ್ರೇಮಪತ್ರ ಓದಾಕತ್ತಾರ! ಮನ್ಯಾಗ ಗೊತ್ತೈತಿಲ್ಲ?" ಎಂದಳು.

"ದನಿ ಚಂದ ಐತಿ, ಮಾರಿ ತೋರಸಂದ್ರ ಒಲ್ಲೆ ಅಂತೈತಿ" ಎಂದಳು ಕಾಶಿಬಾಯಿ. ಚೀಟಿ ಅಂಟಿಸಿ ಡಬ್ಬಿ ಮುಂದೆ ತಳ್ಳಿದಳು.

ಕೊನೆಗೆ ಹುದ್ದಾರರು ತಾವೇ ಮೆಟ್ಟಿಲಿಳಿದು ಬಂದರು. ಜೊತೆಗೆ ನನ್ನನ್ನೂ ಕರೆದುಕೊಂಡರು. ಸೀಟಿ ಪರೀಕ್ಷೆ ಆ ಹೊತ್ತಿಗೆ ನಿಂತಿತ್ತೋ ನಿಲ್ಲಿಸಿದ್ದರೋ, ವಿಭಾಗ ಪೂರ್ತಿ ನಿಶ್ಶಬ್ದವಾಗಿತ್ತು. ಕಾಶಿಬಾಯಿ ಕೈ ಒರೆಸಿಕೊಂಡು ಎದ್ದು ನಿಂತಳು. ಅವಳು ಆಟವಾಡುತ್ತಿರಲಿಲ್ಲ. ಈ ಮನುಷ್ಯ ಬಾಯಿಬಿಟ್ಟು ಒಂದು ಮಾತು ಹೇಳಿದರೆ ಅವಳ ಮನೆಯ ಒಲೆ ಆರುತ್ತಿತ್ತು.

"ಹೇಳ್ರಿ ಸಾಹೇಬ್ರ. ನಾ ಅಳಂಗಿಲ್ಲ, ಕಾಲು ಹಿಡ್ಯಂಗಿಲ್ಲ. ನೀವು ಹೋಗು ಅಂದ್ರ ಹೋಗ್ತೇನಿ. ಆದ್ರ ನಿಮ್ಮ ಬಾಯಿಂದ ಹೇಳ್ರಿ."

ಹುದ್ದಾರರು ಫೋನು ತೆಗೆದು ಓದಲು ಶುರು ಮಾಡಿದರು. "ಇತ್ತೀಚೆಗೆ ನಿಮ್ಮ ವೇಗ ತಂಡದ ಕನಸುಗಳಿಗೆ..."

"ಅದು ಅದರ ಮಾತು. ನಿಮ್ಮ ಮಾತು ಹೇಳ್ರಿ. ಯಾಕ ತಗೀತೀರಿ ನನ್ನ?"

ಹುದ್ದಾರರು ನನ್ನ ಕಡೆ ತಿರುಗಿದರು. ಯಾಕೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹಿಂದಿನ ದಿನ ಹೇಳಿದ್ದು, ಅವರು ಗಮನವಿಟ್ಟು ಕೇಳಿದ್ದು, ಒಂದೂ ತಲೆಯಲ್ಲಿ ಉಳಿದಿರಲಿಲ್ಲ. ಆಗ ಎಲ್ಲವ್ವ ಕೂಸನ್ನು ಸೊಂಟಕ್ಕೆತ್ತಿಕೊಂಡು ಮುಂದೆ ಬಂದಳು. ಅವಳು ನಗುತ್ತಿರಲಿಲ್ಲ. "ಅಕಿ ಡಬ್ಬಿಗೆ ನನ್ನ ಚೀಟಿ ಅಂಟಿಸ್ಯಾಳ್ರಿ. ಇದಕ್ಕ ಹಾಲು ಕುಡಸಾಕ ಹೋಗಿದ್ನಿ. ತಗಿಯೂದಿದ್ರ ನನಗೂ ಇಲ್ಲೇ ಹೇಳಿಬಿಡ್ರಿ, ಫೋನಿಗೆ ಕಳಸಬ್ಯಾಡ್ರಿ."

ಹುದ್ದಾರರ ಬಾಯಿ ತೆರೆಯಿತು. ನಾವೆಲ್ಲ ಆ ಬಾಯಿಯನ್ನೇ ನೋಡುತ್ತಿದ್ದೆವು. ಇನಾಂದಾರರಿಗೆ ಬರುತ್ತಿದ್ದ ಮಾತು, ತಗದೇನಿ, ಹೋಗು, ಎರಡೇ ಮಾತು, ಅದು ಇವರಿಗೆ ಬರಲಿಲ್ಲ. ಕರುಣೆಯಿಂದಾಗಿ ಬಾಯಿ ಕಟ್ಟಿತು ಎಂದು ನಾನು ನಂಬುವುದಿಲ್ಲ. ತಾಯಿಯ ಭರಣಿ ನೆನಪಾಗಿರಬೇಕು. ಅವರು ಬಾಯಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಹೋದರು. ಕಾಶಿಬಾಯಿ ತಟ್ಟನೆ ಕೂತಳು. ಯಾರೋ ನೀರು ಕೊಟ್ಟರು. ಅವಳು ಎರಡು ಗುಟುಕು ಕುಡಿದು ಮುಂದಿನ ಕುಕ್ಕರನ್ನು ಎಳೆದುಕೊಂಡಳು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹುದ್ದಾರರ ಎದುರಿಗೆ ಕೂತು ಉಣ್ಣುತ್ತಿದ್ದೆ. ನನ್ನ ಫೋನು ಸದ್ದು ಮಾಡಿತು. "ಪ್ರೀತಿಯ ದಾಕ್ಷಾಯಣಿ, ಓದುವ ಹಂಬಲ ಎಲ್ಲರಿಗೂ ಬರುವುದಿಲ್ಲ. ನಿಮ್ಮಂಥ ಸೂಕ್ಷ್ಮ ಮನಸ್ಸಿಗೆ ಈ ಕಾರ್ಖಾನೆ ಚಿಕ್ಕದಾಯಿತು ಎಂದು ನಮಗೆ ಅನ್ನಿಸುತ್ತದೆ..." ಕೊನೆಯ ಸಾಲಿಗೆ ಹೋಗುವ ಅಗತ್ಯವಿರಲಿಲ್ಲ. ಫೋನನ್ನು ಹುದ್ದಾರರ ಮುಂದೆ ಇಟ್ಟೆ.

ಅವರು ಓದಿ ಬೆಳ್ಳಗಾದರು. "ನಾನಲ್ಲ. ದಾಕ್ಷಾಯಣಿ, ನಿಜವಾಗಿಯೂ ನಾನಲ್ಲ. ನನಗೆ ಗೊತ್ತೇ ಇರಲಿಲ್ಲ."

"ಗೊತ್ತು ಸರ್. ಯಾರೂ ಅಲ್ಲ."

ಭರಣಿಯ ಮುಚ್ಚಳ ತೆಗೆದು ಅವರ ಕಡೆ ದೂಡಿದೆ. "ಒಂದು ಮಿಡಿ ತಿನ್ನಿ."

"ಈಗ ಬೇಡ."

"ತಿನ್ನಿ ಸರ್."

ತಿಂದರು. ಬೀಜ ಕಡಿದ ಸದ್ದು ಕೇಳಿಸಿತು. ಈರಯ್ಯ ಸೌಟು ಹಿಡಿದು ನೋಡುತ್ತ ನಿಂತಿದ್ದ.

"ಉಪ್ಪು ಇದೆಯಾ?"

ಅವರು ತಲೆ ತಗ್ಗಿಸಿಕೊಂಡು, "ಇದೆ" ಎಂದರು.

"ಹಾಗಾದರೆ ನಾಳೆ ಬರ್ತೀನಿ."

ಆ ಸಂಜೆ ನಾನು ಮನೆಗೆ ಹೋಗಲಿಲ್ಲ. ಕಟ್ಟೆಯಿಂದ ಕಟ್ಟೆಗೆ ಹೋದೆ. ಬರಬೇಕಾದವರು ಬರುವುದಿಲ್ಲ, ಅಂಥವರು ಯಾರೂ ಇಲ್ಲ, ನೀವೇ ಬರಬೇಕು ಎಂದು ಒಂದೊಂದು ಮನೆಯಲ್ಲೂ ಹೇಳಿದೆ. ಕೆಲವರು ನಂಬಲಿಲ್ಲ. ಒಬ್ಬ ಮುದುಕ, ಕೆಲಸ ಹೋದವನು ತಾನೇ ತಿರುಗಿ ಹೋಗುವುದು ಮರ್ಯಾದೆಗೆಟ್ಟ ಕೆಲಸ ಎಂದು ನನ್ನನ್ನೇ ಬೈದ. ದ್ಯಾಮಣ್ಣ ಪತ್ರವನ್ನು ಇನ್ನೊಮ್ಮೆ ಓದು ಎಂದ. ಓದಿದೆ. ಈ ಸಲ ಕೊನೆಯ ಸಾಲಿನ ತನಕ ಕೇಳಿದ. ಆಮೇಲೆ ಒಳಗೆ ಹೋಗಿ ಹೆಂಡತಿಗೆ, "ಏ, ನಾಳೆ ಆ ಬಿಳಿ ಅಂಗಿ ಬ್ಯಾಡ. ಕೆಲಸದ ಅಂಗಿ ತಗಿ" ಎಂದ.

ಬೆಳಿಗ್ಗೆ ಗೇಟಿನ ಮುಂದೆ ಜನ ಸೇರಿದ್ದರು. ಎಲ್ಲರೂ ಬಂದಿರಲಿಲ್ಲ. ಬಂದವರ ಮೈಮೇಲೆ ಎಣ್ಣೆ ಕಲೆಯ ಅಂಗಿಗಳಿದ್ದವು. ಒಬ್ಬೊಬ್ಬರ ಅಂಗೈಯಲ್ಲೂ ಒಂದೊಂದು ಚಿಟಿಕೆ ಉಪ್ಪಿತ್ತು. ಅದು ಯಾರ ಯೋಚನೆಯೋ, ನಾನಂತೂ ಹೇಳಿರಲಿಲ್ಲ. ಸೋಮಲಿಂಗನ ಕೆಂಪು ದೀಪ ಒಂದೇ ಸಮನೆ ಹತ್ತಿ ಆರುತ್ತಿತ್ತು. ಗೇಟು ತೆರೆದೇ ಇತ್ತು, ಅವನು ಕೈಗಳನ್ನು ಬೆನ್ನ ಹಿಂದಿನಿಂದ ತೆಗೆದಿರಲಿಲ್ಲ.

ಹುದ್ದಾರರ ಕಾರು ಬಂತು, ದಾರಿಯಿಲ್ಲದೆ ನಿಂತಿತು. ದ್ಯಾಮಣ್ಣ ಮುಂದೆ ಹೋಗಿ ಕಿಟಕಿ ತಟ್ಟಿದ. ಗಾಜು ಇಳಿಯಿತು. ಅವನು ಅಂಗೈ ಒಳಗೆ ಚಾಚಿದ.

"ನೆಕ್ಕಿ ನೋಡ್ರಿ ಸರ. ಸಪ್ಪಗ ಹತ್ತಿದ್ರ ಹೇಳ್ರಿ, ಹೊಳ್ಳಿ ಕಟ್ಟಿಗೆ ಹೋಗ್ತೇನಿ. ನೀವು ಬರೂತನಕ ಕಾಯ್ತೇನಿ."

ಹುದ್ದಾರರು ಉಪ್ಪನ್ನು ನೋಡಿದರು. ಅದರ ಹಿಂದೆ ಇದ್ದ ಇನ್ನಷ್ಟು ಅಂಗೈಗಳನ್ನು ನೋಡಿದರು. ಅವರ ಪಕ್ಕದ ಸೀಟಿನಲ್ಲಿದ್ದ ಫೋನು ಸದ್ದು ಮಾಡಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

"ಸಾಹೇಬ್ರ, ಗೇಟ್ ಹಾಕ್ಲೇನ್ರೀ?" ಎಂದು ಸೋಮಲಿಂಗ ಅಲ್ಲಿಂದಲೇ ಕೂಗಿ ಕೇಳಿದ. "ಹಾಕು ಅಂತ ನಿಮ್ಮ ಬಾಯ್ಲೆ ಹೇಳ್ರಿ, ಹಾಕ್ತೇನಿ."

ಹುದ್ದಾರರು ಬಾಯಿ ತೆರೆಯಲಿಲ್ಲ. ಗೇಟು ಮುಚ್ಚಲು ಯಾರಾದರೂ ಒಬ್ಬರು ಕೈ ಹಾಕಬೇಕಿತ್ತು. ಸ್ವಲ್ಪ ಹೊತ್ತು ಕಾದೆವು. ಯಾರೂ ಹಾಕಲಿಲ್ಲ. ಕಾಶಿಬಾಯಿ ಬುತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, "ನಡ್ರಿ, ಹೊತ್ತಾತು" ಎಂದಳು. ನಾವು ಒಳಗೆ ಹೋದೆವು.